ನೀರಿನ ದಾರಿ ಹುಡುಕಿದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹದಿನೆಂಟು ದಿನ ಕಳೆದ ಮೇಲೆ. ಸಂಡೂರಿನಲ್ಲಿ ಒಂದು ಮದುವೆಯ ಕೆಲಸ ಮುಗಿಸಿಕೊಂಡು ಹೊಸಪೇಟೆಗೆ ವಾಪಸು ಬರುತ್ತಿದ್ದೆ. ಗಾಡಿಯ ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ತೋರಿಸಿ ಹೋಗೋಣವೆಂದು ಊರ ಬಾಯಲ್ಲಿರುವ ಅಕ್ಕನ ಹೊಲಿಗೆ ಅಂಗಡಿಯ ಮುಂದೆ ನಿಲ್ಲಿಸಿದರೆ ಶಟರ್ ಎಳೆದಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದುತ್ತ, ತಲೆ ಎತ್ತದೆ, "ಅಕ್ಕ ಹೋಗಿಬಿಟ್ರಲ್ರಿ" ಎಂದ.

"ಎಲ್ಲಿಗೆ?" ಎಂದೆ ನಾನು.

ಅವನು ಆಗ ತಲೆ ಎತ್ತಿ ನನ್ನ ಮುಖ ನೋಡಿದ.

"ಒಂದು ವಾರ ಜ್ವರ ಇತ್ರಿ. ಮಿಷನ್ ಬಿಟ್ಟು ಏಳಲಿಲ್ಲ. ಎಂಟನೇ ದಿನ ನಾವ ಎತ್ತಿಕೊಂಡು ಆಸ್ಪತ್ರಿಗೆ ಒಯ್ದ್ವಿ. ಅಲ್ಲೇ ಮುಗೀತು."

ಅವರ ಗಂಡನನ್ನು ಚೋರನೂರಿನಿಂದ ಅವನ ತಮ್ಮ ಬಂದು ಕರೆದುಕೊಂಡು ಹೋಗಿದ್ದನಂತೆ. ದುಃಖಕ್ಕಿಂತ ಮೊದಲು ಬಂದದ್ದು ಒಂದು ಥರದ ದಣಿವು. ಮೂರು ವರ್ಷಗಳಿಂದ ಈ ಊರಿನಲ್ಲಿ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಒಬ್ಬರೇ ಒಬ್ಬರು ಇನ್ನಿಲ್ಲ. ಹೋಗಿ ಸೀಟಿನಲ್ಲಿ ಕುಳಿತುಬಿಟ್ಟೆ.

ಅವರ ಹೆಸರು ನನಗೆ ಗೊತ್ತು. ಆದರೆ ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಗಂಡನ ಹೆಸರು. ಆಟೋದವರು, ಲಾರಿಯವರು, ಟ್ರ್ಯಾಕ್ಟರಿನವರು ಎಲ್ಲರಿಗೂ ಅವರು ಬರೀ ಅಕ್ಕ. ಸೀಟು, ಆಟೋದ ಹುಡ್ಡು, ಲಾರಿಯ ತಾಡಪತ್ರಿ, ಇವನ್ನು ಹೊಲಿಯುವುದು ಅವರ ಕಸುಬು. ಮೊದಲು ಅದು ಗಂಡನ ಕಸುಬಾಗಿತ್ತು. ಅದಿರು ತುಂಬಿದ ಲಾರಿಗೆ ತಾಡಪತ್ರಿ ಕಟ್ಟುವಾಗ ಆತ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿಂದ ಮುಂದೆ ಅಂಗಡಿಯ ಹಿಂದಿನ ಅರ್ಧದಲ್ಲಿ ಒಂದು ಮಂಚ, ಮಂಚದ ಮೇಲೆ ಆತ. ಮುಂದಿನ ಅರ್ಧದಲ್ಲಿ ಮಿಷನ್, ಮಿಷನ್ ಮುಂದೆ ಅಕ್ಕ. ಹತ್ತು ನಿಮಿಷಕ್ಕೊಮ್ಮೆ ಆತ "ಏ, ಎಲ್ಲದೀ?" ಎಂದು ಕೂಗುತ್ತಿದ್ದ. ಅವರು ನಾಲ್ಕು ಹೆಜ್ಜೆ ದೂರದಲ್ಲೇ ಇರುತ್ತಿದ್ದರು. ಕೆಲವು ಸಲ ನೀರು ಬೇಕಿರುತ್ತಿತ್ತು, ಕೆಲವು ಸಲ ಮಗ್ಗುಲು ಬದಲಿಸಬೇಕಿತ್ತು, ಕೆಲವು ಸಲ ಏನೂ ಬೇಕಿರಲಿಲ್ಲ. ಅಕ್ಕ ಪ್ರತಿ ಸಲವೂ ಸೂಜಿಯನ್ನು ತುರುಬಿಗೆ ಚುಚ್ಚಿಕೊಂಡು ಏಳುತ್ತಿದ್ದರು.

ನಾನು ಅವರ ಹತ್ತಿರ ಹೋಗುವಂತಾದದ್ದು ಗಾಡಿಯ ದೆಸೆಯಿಂದ.

ಗಣಿ ಜೋರಾಗಿದ್ದ ಕಾಲದಲ್ಲಿ ನಾನು ಸಂಡೂರಿನ ಕಡೆ ಒಬ್ಬ ಧಣಿಯ ಡ್ರೈವರ್ ಆಗಿದ್ದೆ. ಅವರು ಹೊರದೇಶದ ಒಂದು ಕಾರು ತಂದಿದ್ದರು. ಎರಡೇ ಬಾಗಿಲು. ತಲೆಯ ಮೇಲೆ ತಗಡಿಲ್ಲ, ದಪ್ಪ ಬಟ್ಟೆಯ ಹುಡ್ಡು. ಗುಂಡಿ ಒತ್ತಿದರೆ ಅದು ಮಡಚಿಕೊಂಡು ಹಿಂದಕ್ಕೆ ಹೋಗಿ, ಡಿಕ್ಕಿಯ ಮುಂದಿನ ಜಾಗದಲ್ಲಿ ಕೂತುಬಿಡುತ್ತಿತ್ತು. ಆ ಧೂಳಿನಲ್ಲಿ ಅದನ್ನು ತೆರೆದು ಓಡಿಸಿದ್ದು ನಾಲ್ಕೋ ಐದೋ ಸಲ. ಆಮೇಲೆ ಗಣಿ ನಿಂತಿತು, ಧಣಿಗಳು ಊರು ಬಿಟ್ಟರು. ಹೋಗುವಾಗ, "ಇದು ನಿನ್ನ ಕೈಗೆ ಹೊಂದ್ಯದ, ನೀನ ಇಟ್ಕೋ" ಎಂದು ಕಾಗದ ಮಾಡಿಕೊಟ್ಟರು. ಹಾಗೆ ನನ್ನ ವಯಸ್ಸಿನವರು ನಡುವಯಸ್ಸಿಗೆ ಬಂದು ಹೊಲವನ್ನೋ ಮನೆಯನ್ನೋ ನೋಡಿಕೊಳ್ಳುವಾಗ ನಾನು ಕೆಂಪು ಬಣ್ಣದ, ತಲೆ ಇಲ್ಲದ ಕಾರೊಂದನ್ನು ನೋಡಿಕೊಳ್ಳತೊಡಗಿದೆ.

ಅದರಿಂದಲೇ ನನ್ನ ಊಟ. ಮದುವೆಗೆ ಮೊದಲು ಗಂಡು ಹೆಣ್ಣು ಸೇರಿ ಫೋಟೋ ತೆಗೆಸಿಕೊಳ್ಳುವ ಪದ್ಧತಿ ಬಂದಿದೆಯಲ್ಲ, ಅದಕ್ಕೆ ಹಂಪಿಯ ಕಡೆ ಬರುವವರು ಈ ಗಾಡಿ ಕೇಳುತ್ತಾರೆ. ಕಮಲಾಪುರದ ಕೆರೆ ಏರಿ, ಬಾಳೆ ತೋಟದ ದಾರಿ, ಹೊಳೆ ಕಾಣುವ ಬಂಡೆ ಹೀಗೆ ಒಂದೊಂದು ಕಡೆ ನಿಲ್ಲಿಸುತ್ತೇನೆ. ಅವರು ಹತ್ತಿ ನಗುತ್ತಾರೆ, ನಾನು ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಕಾಣದ ಹಾಗೆ ದೂರ ನಿಲ್ಲುತ್ತೇನೆ. ಸಂಜೆ ಗಾಡಿ ತೊಳೆಯುತ್ತೇನೆ. ಮರುದಿನ ಮತ್ತೆ ಅದೇ.

ಡಿಕ್ಕಿಗೆ ನೀರು ಬರುವುದು ಶುರುವಾದದ್ದು ಯಾವಾಗ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಮೊದಮೊದಲು ಒಂದು ವಾಸನೆ. ಆಮೇಲೆ ಒಂದು ದಿನ ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲಿ ಎರಡು ತಂಬಿಗೆಯಷ್ಟು ಕೆಂಪು ನೀರು ನಿಂತಿತ್ತು. ಮಳೆ ಬಂದರೂ ಬರುತ್ತಿತ್ತು, ತೊಳೆದರೂ ಬರುತ್ತಿತ್ತು. ಹೊಸಪೇಟೆಯಲ್ಲಿ ಮೂರು ಕಡೆ ತೋರಿಸಿದೆ. ಮೂವರೂ ಸಿಲಿಕಾನ್ ಟ್ಯೂಬು ತಂದು ಕಂಡ ಕಂಡ ಸಂದಿಗೆಲ್ಲ ಬಳಿದರು. ಒಬ್ಬನು ಬಳಿದದ್ದರ ಮೇಲೆ ಇನ್ನೊಬ್ಬನು ಬಳಿದ. ನೀರು ಮಾತ್ರ ಇನ್ನೂ ಹೆಚ್ಚಾಯಿತು. ಕೊನೆಗೆ ನಾನು ಗುಂಡಿಯಲ್ಲಿ ಒಂದು ಗೋಣಿಚೀಲ ತುರುಕಿ, ಮೇಲೆ ಮ್ಯಾಟು ಹಾಸಿ, ಅದನ್ನು ಮರೆಯಲು ಪ್ರಯತ್ನಿಸಿದೆ.

ಹಾಗೆ ಮರೆತಿದ್ದಾಗಲೇ ಆ ಸೀರೆಯ ಪ್ರಸಂಗ ನಡೆದದ್ದು.

ಕಂಪ್ಲಿಯ ಹುಡುಗಿ. ಜೊತೆಗೆ ಅವಳ ತಾಯಿಯೂ ಬಂದಿದ್ದರು. ತಾಯಿ ತಮ್ಮ ಧಾರೆ ಸೀರೆಯನ್ನು ಬಟ್ಟೆ ಚೀಲದಲ್ಲಿ ಸುತ್ತಿ ತಂದಿದ್ದರು. ಕೆನೆಬಣ್ಣದ ಒಡಲು, ಕಡುಗೆಂಪು ಅಂಚು. ಕೊನೆಯ ಫೋಟೋಗಳಿಗೆ ಮಗಳು ಅದನ್ನು ಉಡಬೇಕೆಂದು ಇಬ್ಬರಿಗೂ ಆಸೆ. ಹಿಂದಿನ ದಿನ ಮಳೆ ಹೊಡೆದಿತ್ತು. ನಾನು ಬೆಳಿಗ್ಗೆ ಡಿಕ್ಕಿ ತೆರೆದು, ಮ್ಯಾಟಿನ ಮೇಲೆ ಕೈಯಾಡಿಸಿ, ಒಣಗಿದಂತೆ ಇದೆಯಲ್ಲ ಎಂದುಕೊಂಡು ಚೀಲವನ್ನು ಒಳಗಿಟ್ಟೆ. ಏರುದಾರಿಯಲ್ಲಿ ಗುಂಡಿಯ ನೀರೆಲ್ಲ ಹಿಂದಕ್ಕೆ ಬಂದು ಮ್ಯಾಟಿನ ಮೇಲೆ ಉಕ್ಕಿರಬೇಕು. ಕೆರೆ ಏರಿಯ ಮೇಲೆ ಚೀಲ ತೆಗೆದಾಗ ಅದರ ಬುಡದಿಂದ ಹನಿ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಅಂಚಿನ ಕೆಂಪು ಕೆನೆಬಣ್ಣದೊಳಗೆ ಹರಿದಿತ್ತು.

ಆ ತಾಯಿ ಕಿರುಚಲಿಲ್ಲ. ಕಲ್ಲಿನ ಮೇಲೆ ಕುಳಿತು ಸೀರೆಯ ಒಂದೊಂದೇ ಮಡಿಕೆ ಬಿಚ್ಚಿ ಹಿಂಡಿದರು. ಬೆರಳುಗಳೆಲ್ಲ ಕೆಂಪಾದವು. ಮಗಳು ಆಚೆ ತಿರುಗಿ ನಿಂತಳು. ನಾನು, "ಚೀಲದ ಮ್ಯಾಲ ಮಳಿ ಹನಿ ಬಿದ್ದಿರಬೇಕ್ರಿ" ಎಂದೆ. ಅಲ್ಲಿ ಮಳೆಯಿರಲಿಲ್ಲ.

ಮೂರು ದಿನ ಗಾಡಿ ಹೊರಗೆ ತೆಗೆಯಲಿಲ್ಲ. ನಾಲ್ಕನೆಯ ದಿನ ಒಬ್ಬ ಆಟೋದವನು, "ಮೆಕ್ಯಾನಿಕ್ ಹಂತೇಕ ಹೋಗಬ್ಯಾಡ್ರಿ, ಅಕ್ಕನ ಹಂತೇಕ ಹೋಗ್ರಿ. ನನ್ನ ಆಟೋಕ್ಕ ಹುಡ್ ಹೊಲಿದು ಆರು ವರ್ಷ ಆತು, ಒಂದು ಹನಿ ಒಳಗ ಬಂದಿಲ್ಲ" ಎಂದ.

ಹೋದಾಗ ಅಕ್ಕ ಅಂಗಡಿಯ ಮುಂದೆ ಒಂದು ಹರಿಗೋಲನ್ನು ಬೋರಲು ಹಾಕಿಕೊಂಡು ಅದರ ಕೆಳಗೆ ಕುಳಿತಿದ್ದರು. ಹೊಳೆ ದಾಟಿಸುವ ಅಂಬಿಗನೊಬ್ಬ ತಂದದ್ದು. ಬುಟ್ಟಿಯ ಹಾಗಿರುವ ಆ ದೋಣಿಗೆ ಹೊರಗಿನಿಂದ ಹೊಲಿದ ಹೊದಿಕೆ ಎಲ್ಲೋ ತೂತಾಗಿತ್ತು. ನನಗೆ ಕಂಡದ್ದು ಎರಡು ಪಾದ ಮತ್ತು ಸೀರೆಯ ನೆರಿಗೆ ಮಾತ್ರ. ಒಳಗಿನಿಂದ ದನಿ ಬಂತು.

"ಕುಂದ್ರಿ ಅಣ್ಣಾರ. ಬಿಸಿಲು ಇದ್ದಾಗ ಇದನ್ನ ನೋಡಿಬಿಡ್ತೀನಿ. ಬೆಳಕು ತೂರಿದ ಕಡೆ ನೀರೂ ತೂರ್ತತಿ."

ಚಾಕ್‌ಪೀಸಿನಿಂದ ಒಳಗೆ ಐದು ಗುರುತು ಹಾಕಿ ಹೊರಗೆ ಬಂದರು. ಸಣ್ಣ ಆಳು, ಐವತ್ತೆಂಟೋ ಅರವತ್ತೋ ಇರಬೇಕು. ಬಲಗೈಯ ತೋರುಬೆರಳು ಸೂಜಿ ಒತ್ತಿ ಒತ್ತಿ ಒಂದು ಕಡೆಗೆ ಬಾಗಿತ್ತು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಬೇರೆಯವರ ಹಾಗೆ ಅದರ ಬೆಲೆ ಕೇಳಲಿಲ್ಲ, ಎಷ್ಟು ವೇಗ ಹೋಗುತ್ತದೆ ಎಂದೂ ಕೇಳಲಿಲ್ಲ. ಸಿಲಿಕಾನ್ ಮೆತ್ತಿದ ಸಂದಿಗಳ ಮೇಲೆ ಬೆರಳಾಡಿಸಿ, "ಇಷ್ಟೆಲ್ಲಾ ಯಾರು ಬಳದ್ರು?" ಎಂದರು. ಹೇಳಿದೆ. ನಿಟ್ಟುಸಿರು ಬಿಟ್ಟು, "ನಾಳೆ ಮುಂಜಾನೆ ತರ್ರಿ. ಡಿಕ್ಕ್ಯಾಗ ಇದ್ದದ್ದೆಲ್ಲಾ ತೆಗೆದು, ಒಣಾ ಬಟ್ಟಿಲೆ ಒರಸಿ ತರ್ರಿ" ಎಂದರು.

ಮರುದಿನ ಅವರು ಮಾಡಿದಂಥದ್ದನ್ನು ಅದಕ್ಕೆ ಮೊದಲು ಯಾವ ಮೆಕ್ಯಾನಿಕ್ಕೂ ಮಾಡಿದ್ದು ನಾನು ನೋಡಿರಲಿಲ್ಲ. ಮುಖಕ್ಕೆ ಹಾಕುವ ಪೌಡರ್ ಡಬ್ಬಿ ತಂದು ಡಿಕ್ಕಿಯ ಒಳಗೆ, ರಬ್ಬರಿನ ಬೀಡಿಂಗಿನ ಕೆಳಗೆ, ದೀಪಗಳ ಹಿಂದೆ, ಮೂಲೆ ಮೂಲೆಗೆ ತೆಳ್ಳಗೆ ಉದುರಿಸಿದರು. ಆಮೇಲೆ ಟಾರ್ಚು ಹಿಡಿದುಕೊಂಡು ತಾವೇ ಡಿಕ್ಕಿಯೊಳಗೆ ಹತ್ತಿ, ಮೊಣಕಾಲು ಎದೆಗೆ ಎಳೆದುಕೊಂಡು ಮಗ್ಗುಲಾಗಿ ಮಲಗಿದರು.

"ಮುಚ್ಚಿರಿ" ಎಂದರು.

ನಾನು ಅನುಮಾನಿಸಿದೆ.

"ಮುಚ್ಚಿರಿ ಅಣ್ಣಾರ. ಬೀಗ ಹಾಕಬ್ಯಾಡ್ರಿ, ಅಷ್ಟ. ತಂಬಗೀಲೆ ನೀರು ಹಾಕ್ರಿ. ಮೊದಲು ಕೆಳಗಿನ ಕಡೆ, ಆಮ್ಯಾಲ ಮ್ಯಾಲ. ಒಂದು ಕಡೆ ಹಾಕಿ ಸ್ವಲ್ಪ ತಡೀರಿ, ಆಮ್ಯಾಲ ಇನ್ನೊಂದು ಕಡೆ. ಹನಿ ಕಂಡ್ರ ನಾ ಬಡೀತೀನಿ."

ಪೈಪು ಇದೆಯಲ್ಲ, ಅದನ್ನೇ ಹಿಡಿಯಲೇ ಎಂದು ಕೇಳಿದೆ.

"ಪೈಪ್ ಹಿಡಿದ್ರ ಎಲ್ಲಾ ಕಡಿಂದ ಬರ್ತತಿ. ಯಾವುದು ಎಲ್ಲಿಂದ ಅಂತ ಹೆಂಗ ಗೊತ್ತಾಗಬೇಕು?"

ಎಡ ದೀಪದ ಮೇಲೆ ಒಂದು ತಂಬಿಗೆ. ಸದ್ದಿಲ್ಲ. ಬಲ ದೀಪದ ಮೇಲೆ. ಸದ್ದಿಲ್ಲ. ನಂಬರ್ ಪ್ಲೇಟಿನ ಮೇಲೆ, ಬೀಡಿಂಗಿನ ಸುತ್ತ. ಸದ್ದಿಲ್ಲ. ಹುಡ್ಡು ಮಡಚಿ ಕೂರುವ ಜಾಗದ ಎಡ ಮೂಲೆಗೆ ಸುರಿದಾಗ ಒಳಗಿನಿಂದ ಟಕ್ ಟಕ್ ಎಂದು ಬೆರಳ ಗಂಟಿನಿಂದ ಬಡಿದರು. ಅಷ್ಟರಲ್ಲಿ ಮಂಚದ ಮೇಲಿನಿಂದ "ಏ, ಎಲ್ಲದೀ?" ಎಂಬ ಕೂಗೂ ಬಂತು. ಡಿಕ್ಕಿ ತೆರೆದೆ. ತಲೆಗೂದಲೆಲ್ಲ ಪೌಡರ್ ಆಗಿದ್ದ ಅಕ್ಕ ಇಳಿದು, ಮೊದಲು ಗಂಡನ ಹತ್ತಿರ ಹೋಗಿ, ಆಮೇಲೆ ಬಂದು, ಪೌಡರಿನಲ್ಲಿ ನೀರು ಕೊರೆದ ಗೆರೆಯನ್ನು ನನಗೆ ತೋರಿಸಿದರು. ನೀರು ನಿಲ್ಲುತ್ತಿದ್ದದ್ದು ಬಲಗಡೆ. ಬರುತ್ತಿದ್ದದ್ದು ಎಡಗಡೆಯ ಮೇಲಿನ ಮೂಲೆಯಿಂದ. ಒಳಗಿನ ತಗಡಿನ ಮಡಿಕೆಯಲ್ಲಿ ಹರಿದು ಆ ಕಡೆಯಿಂದ ಈ ಕಡೆಗೆ ಬಂದು ಇಳಿಯುತ್ತಿತ್ತು.

ಮೆಟ್ರಿ ಅವರ ತವರು. ಅಪ್ಪ ಅಲ್ಲಿ ನೀರುಗಂಟಿ, ಕಾಲುವೆಯ ನೀರನ್ನು ಗದ್ದೆ ಗದ್ದೆಗೆ ಬಿಡುವವನು. ಏಡಿ ಕೊರೆದ ತೂತಿನಿಂದ ಏರಿ ಸೋರಿದರೆ ಆತ ಭತ್ತದ ಹೊಟ್ಟು ತಂದು ಕಾಲುವೆಯ ನೀರಿನ ಮೇಲೆ ಚೆಲ್ಲುತ್ತಿದ್ದನಂತೆ. ಹೊಟ್ಟು ಎಲ್ಲಿ ಸುಳಿ ಸುತ್ತಿ ಒಳಗೆ ಇಳಿಯುತ್ತದೋ ಅಲ್ಲಿ ತೂತು. "ಸಣ್ಣಾಕಿ ಇದ್ದಾಗ ಹೊಟ್ಟಿನ ಬುಟ್ಟಿ ನಾನ ಹೊರ್ತಿದ್ದೆ" ಎಂದರು ಅಕ್ಕ. "ಹೊರಬಿದ್ದ ಕಡೆ ಮಣ್ಣು ಮೆತ್ತಿದ್ರ ನಮ್ಮಪ್ಪ ಬೈತಿದ್ದ. ಒಳಹೊಕ್ಕ ಕಡೆ ನೋಡಬೇಕು ಅಂತಿದ್ದ."

ಹುಡ್ಡಿನ ಆ ಮೂಲೆಯಲ್ಲಿ ನೀರು ಇಳಿದುಹೋಗಲೆಂದು ಗಾಡಿ ಮಾಡಿದವರೇ ಒಂದು ಸಣ್ಣ ಕೊಳವೆ ಇಟ್ಟಿದ್ದರು. ವರ್ಷಗಟ್ಟಲೆ ಅದಿರಿನ ಧೂಳು ಕುಡಿದು ಅದು ಕಟ್ಟಿಕೊಂಡಿತ್ತು. ಉಳಿದಿದ್ದ ಬಾಯಿಯನ್ನು ಸಿಲಿಕಾನ್ ಬಳಿದವರು ಮುಚ್ಚಿದ್ದರು.

"ನೀರಿಗಿ ಹೋಗೂ ದಾರೀನ ಮುಚ್ಚ್ಯಾರ. ಅದು ಮತ್ತೆಲ್ಲಿಗಿ ಹೋಗಬೇಕು?" ಎಂದರು ಅಕ್ಕ. ಬೈಯುವ ದನಿಯಲ್ಲ. ತುಂಬ ದಣಿದವರು ಇನ್ನೊಬ್ಬ ದಣಿದವರ ಬಗ್ಗೆ ಹೇಳುವ ದನಿ.

ಸಿಲಿಕಾನ್ ಕೆರೆಯುವುದಕ್ಕೆ ಎರಡು ದಿನ ಹಿಡಿಯಿತು. ಬಣ್ಣಕ್ಕೆ ಗೀರು ಬೀಳಬಾರದೆಂದು ಬಿದಿರಿನ ಚಕ್ಕೆ ಮಾಡಿಕೊಂಡಿದ್ದರು. ಸೈಕಲ್ಲಿನ ಬ್ರೇಕ್ ವೈರನ್ನು ಕೊಳವೆಯೊಳಗೆ ಮೆಲ್ಲಗೆ ತಿರುವಿ ತಿರುವಿ ತೂರಿಸಿದರು. ಎರಡನೆಯ ದಿನ ಮಧ್ಯಾಹ್ನ ಅದರ ಕೆಳತುದಿಯಿಂದ ಕೆಂಪು ಕೆಸರು ಸುರಿಯಿತು, ಆಮೇಲೆ ತಿಳಿ ನೀರು. ನಾನು ಅದನ್ನೇ ನೋಡುತ್ತ ಕುಳಿತೆ. ಸಂಡೂರಿನ ಗುಡ್ಡದ ಮೇಲೆ ನಾನು ಕಳೆದ ಹನ್ನೊಂದು ವರ್ಷಗಳಲ್ಲಿ ಇಷ್ಟು ಧೂಳು ನನ್ನ ಎದೆಯಲ್ಲೂ ಇರಬೇಕು ಅನ್ನಿಸಿತು.

ಆ ಹೊತ್ತಿಗೇ ಅಕ್ಕ ಡಿಕ್ಕಿಯ ಅಡಿಯಲ್ಲಿ ಅಂಟಿಸಿದ್ದ ದಪ್ಪ ಬಟ್ಟೆಯನ್ನು ಎಬ್ಬಿಸಿ ಬಿಸಿಲಿಗೆ ಹಾಕಲು ಹೊರಟಿದ್ದರು. ಅದನ್ನು ಹಿಡಿದು ನಿಂತು, "ಇದೇನ್ರಿ ಬಣ್ಣ?" ಎಂದರು.

"ಅದಿರಿನ ಮಣ್ಣು" ಎಂದೆ.

"ಮಣ್ಣಿನ ಕೆಂಪು ನನಗ ಗೊತ್ತೈತಿ. ಇದು ರೇಷ್ಮಿ ಬಣ್ಣ."

ವರ್ಷಗಟ್ಟಲೆ ಬಟ್ಟೆ ಮುಟ್ಟಿದ ಕೈ. ಅದರ ಮುಂದೆ ಇನ್ನೊಂದು ಸುಳ್ಳು ಕಟ್ಟುವ ಶಕ್ತಿ ನನಗಿರಲಿಲ್ಲ. ಎಲ್ಲ ಹೇಳಿದೆ. ಗೋಣಿಚೀಲ ತುರುಕಿದ್ದನ್ನೂ ಹೇಳಿದೆ, ಮಳೆ ಹನಿ ಎಂದದ್ದನ್ನೂ ಹೇಳಿದೆ. ಅವರು ಬಟ್ಟೆಯನ್ನು ಬಿಸಿಲಿಗೆ ಹಾಕಿ, ಅಂಚುಗಳ ಮೇಲೆ ನಾಲ್ಕು ಕಲ್ಲಿಟ್ಟು, ತಮ್ಮ ಮಿಷನ್ನಿಗೆ ಹೋದರು. ಸಂಜೆ ನಾನು ಹೊರಡುವಾಗ, ತಲೆ ಎತ್ತದೆ, "ಆ ಮನಿ ಗೊತ್ತೈತೇನು ನಿಮಗ?" ಎಂದು ಕೇಳಿದರು.

"ಗೊತ್ತೈತ್ರಿ."

"ನಾಡಿದ್ದು ಅಂಗಡಿ ರಜಾ. ಹೋಗಿಬರೂಣು."

ಗಂಡನನ್ನು ನೋಡಿಕೊಳ್ಳಲು ಪಂಕ್ಚರ್ ಅಂಗಡಿಯವನಿಗೆ ಹೇಳಿ ಅವರು ನನ್ನ ಪಕ್ಕದ ಸೀಟಿನಲ್ಲಿ ಕುಳಿತರು. ಹುಡ್ಡು ತೆರೆಯಲೇ ಎಂದು ಕೇಳಿದೆ. "ಬ್ಯಾಡ ಬಿಡ್ರಿ, ಯಾರರ ನೋಡ್ತಾರ" ಎಂದವರು, ಊರು ದಾಟಿದ ಮೇಲೆ, "ತೆಗೀರಿ ನೋಡೋಣು" ಎಂದರು. ಎರಡೂ ಕಡೆ ಭತ್ತದ ಗದ್ದೆ. ಅವರು ಸೆರಗನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ದಾರಿಯುದ್ದಕ್ಕೂ ಕಾಲುವೆಯ ಏರಿಯನ್ನೇ ನೋಡುತ್ತಿದ್ದರು. ಎಲ್ಲಿ ಕಟ್ಟಿದ್ದು ಸರಿಯಿಲ್ಲ, ಎಲ್ಲಿ ಹೂಳು ತೆಗೆದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಕಂಪ್ಲಿಯ ಮನೆಯಲ್ಲಿ ತಾಯಿ ಒಬ್ಬರೇ ಇದ್ದರು. ಮಗಳು ಮದುವೆಯಾಗಿ ಗಂಡನ ಮನೆಗೆ ಹೋಗಿ ಎರಡು ದಿನವಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ನಾನು ಬಾಗಿಲಲ್ಲೇ ನಿಂತು, ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಮರೆತು, "ಅವತ್ತು ಮಳಿ ಬಿದ್ದಿರಲಿಲ್ರಿ. ಡಿಕ್ಕ್ಯಾಗ ನೀರು ಬರ್ತತಿ ಅಂತ ನನಗ ಮೊದಲ ಗೊತ್ತಿತ್ತು. ತಪ್ಪಾತು" ಎಂದೆ.

ಆ ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ನನಗೂ ಅವತ್ತೇ ಗೊತ್ತಾಗಿತ್ತು" ಎಂದರು. "ನೀವು ಆ ಕಡೆ ಹೋದಾಗ ಡಿಕ್ಕ್ಯಾಗ ಕೈ ಹಾಕಿ ನೋಡಿದ್ದೆ. ಗೋಣಿಚೀಲ ನಾರ್ತಿತ್ತು. ಜಗಳ ಮಾಡಾಕ ತ್ರಾಣ ಇರಲಿಲ್ಲ. ಮಗಳ ಮಾರಿ ನೋಡಿ ಸುಮ್ಮನಾದೆ." ಆಮೇಲೆ, "ಒಳಗ ಬರ್ರಿ. ಚಾ ಮಾಡ್ತೀನಿ" ಎಂದರು.

ಅಕ್ಕ ಸೀರೆ ನೋಡಲು ಕೇಳಿದರು. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಬಿಚ್ಚಿ, ಅಂಗೈಯಿಂದ ಸವರಿ, ಬೆಳಕಿಗೆ ಹಿಡಿದು ನೋಡಿದರು. ಇವರೇನೋ ದಾರಿ ತೋರಿಸುತ್ತಾರೆ ಎಂದು ನಾನೂ ಕಾದೆ, ಆ ತಾಯಿಯೂ ಕಾದರು.

"ಈ ಕಲೆ ಹೋಗಂಗಿಲ್ಲವ್ವಾ" ಎಂದರು ಅಕ್ಕ. "ಸುಳ್ಳು ಹೇಳಬಾರದು. ತೊಳಿಯಾಕ ಹೋದ್ರ ಇನ್ನೂ ಹರೀತತಿ. ನನ್ನ ಕೈಲಾಗೂದಲ್ಲ."

ಆಮೇಲೆ ಅವರಿಬ್ಬರೂ ಎದ್ದು ಸೀರೆಯ ಒಂದೊಂದು ತುದಿ ಹಿಡಿದು ನಿಂತರು. ಇಷ್ಟು ವರ್ಷ ಒಂದೇ ಗೆರೆಯಲ್ಲಿ ಮಡಚಿಟ್ಟು ಜರಿ ಒಡೆಯಲು ಶುರುವಾಗಿದೆ, ಮಡಿಕೆ ಬದಲಿಸಬೇಕು ಎಂದು ಅಕ್ಕ ಹೇಳಿಕೊಟ್ಟರು. ಹತ್ತಿರ ಬಂದು ತುದಿ ಕೂಡಿಸುವುದು, ಹಿಂದೆ ಸರಿದು ಎಳೆಯುವುದು, ಮತ್ತೆ ಹತ್ತಿರ ಬರುವುದು. ಆ ತಾಯಿ ತಮ್ಮ ಧಾರೆಯ ದಿನ ಈ ಸೀರೆಯ ಭಾರಕ್ಕೆ ಏಳಲಾಗದೆ ಕುಳಿತದ್ದನ್ನು ಹೇಳಿ ಒಂದು ಸಲ ನಕ್ಕರು. ನಾನು ಚಹಾ ಆರುವ ತನಕ ಲೋಟ ಹಿಡಿದುಕೊಂಡೇ ಕುಳಿತಿದ್ದೆ.

ವಾಪಸು ಬರುವಾಗ ಕೇಳಿದೆ, "ನೀವು ಯಾಕ ಬಂದ್ರಿ ಅಕ್ಕಾರ? ನಿಮ್ಮದೇನಿತ್ತು ಇದರಾಗ?"

"ನೀ ಒಬ್ಬನ ಬಂದಿದ್ರ ಬಾಗಿಲದಾಗ ನಿಂತು ಹೇಳಿ ಓಡಿಬರ್ತಿದ್ದಿ ತಮ್ಮಾ" ಎಂದರು. ಅಣ್ಣಾರ ಹೋಗಿ ತಮ್ಮ ಆದದ್ದು ಆಗ. ಸ್ವಲ್ಪ ದೂರ ಹೋದ ಮೇಲೆ, "ಮತ್ತ ನನಗೂ ಒಂದಿನ ಹೊರಗ ಬರೂದಿತ್ತು" ಎಂದರು.

ಅವರ ಬಗ್ಗೆ ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ಅವರಿಗೂ ಅಂಥ ಮಾತು ಬರುತ್ತಿರಲಿಲ್ಲ. ಮೂರು ವರ್ಷ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದೆ. ಅವರು ಹೊಲಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಆಟೋದವನೊಬ್ಬ ಬಂಗಾರದ ಬಣ್ಣದ ಕುಚ್ಚು ಹಚ್ಚಿಕೊಡಿ ಎಂದು ಹಟ ಹಿಡಿದರೆ, "ಕುಚ್ಚು ನೀರು ಕುಡೀತತಿ, ಕುಡಿದದ್ದನ್ನ ನಿನ್ನ ಪ್ಯಾಸೆಂಜರ್ ತಲಿಮ್ಯಾಗ ಬಿಡ್ತತಿ" ಎಂದು ಹೇಳಿ, ಆಮೇಲೆ ಅವನ ಮುಖ ಬಾಡಿದ್ದು ನೋಡಿ, ಒಳಗಡೆ ಹಚ್ಚಿಕೊಟ್ಟರು. ಯಾವ ಕೆಲಸ ಮುಗಿದರೂ "ಆತು, ನಡೀರಿ" ಎಂದಷ್ಟೇ ಅನ್ನುತ್ತಿದ್ದರು. ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಕೇಳಿಸದವರ ಹಾಗೆ ದಾರ ಕಡಿಯುತ್ತಿದ್ದರು. ಅಂಟಿನ ವಾಸನೆಗೆ ಕೆಮ್ಮು ಬರುತ್ತಿತ್ತು. ಆಸ್ಪತ್ರೆಗೆ ಹೋಗಿ ಎಂದರೆ, "ಇವರನ್ನ ಯಾರು ನೋಡ್ತಾರ?" ಎಂದು ಮಂಚದ ಕಡೆ ಗದ್ದ ತಿರುಗಿಸುತ್ತಿದ್ದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು.

ನಾನು ಹೇಳಬೇಕೆಂದು ಕುಳಿತದ್ದು ನಿಜವಾಗಿ ಕಳೆದ ಮಳೆಗಾಲದ ಒಂದು ಮಧ್ಯಾಹ್ನದ ವಿಷಯ.

ಡಿಕ್ಕಿಯಲ್ಲಿ ಮತ್ತೆ ಸ್ವಲ್ಪ ಪಸೆ ಕಂಡಿತ್ತು, ಬಲಗಡೆಯ ಮೂಲೆಯಲ್ಲಿ. ಕೊಳವೆ ಸರಿಯಾಗಿಯೇ ಇತ್ತು. ಅಕ್ಕನಿಗೆ ತೋರಿಸಿದೆ. ಆ ವಾರ ಅವರಿಗೆ ಕೈತುಂಬ ಕೆಲಸ, ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾಳೆ ಬರಲೇ ಎಂದರೆ, "ಬಂದೀದಿ, ನೋಡಿಬಿಡೂಣು" ಎಂದು ಪೌಡರ್ ಉದುರಿಸಿ, ಟಾರ್ಚು ಹಿಡಿದು, ಎಂದಿನಂತೆ ಒಳಗೆ ಮಲಗಿದರು. ನಾನು ಮುಚ್ಚಿದೆ.

ಎಡ ದೀಪದ ಮೇಲೆ ನೀರು ಹಾಕಿದೆ. ಸದ್ದಿಲ್ಲ. ಬಲ ದೀಪದ ಮೇಲೆ ಹಾಕಿದೆ. ಸದ್ದಿಲ್ಲ. ಇನ್ನೊಂದು ತಂಬಿಗೆ ಹಾಕಿ ಕಾದೆ. ಬೀಡಿಂಗಿನ ಮೇಲೆ ಹಾಕಿದೆ. "ಅಕ್ಕಾರ" ಎಂದೆ. ಉತ್ತರ ಬರಲಿಲ್ಲ. ತಂಬಿಗೆ ಬಿಸಾಕಿ ಡಿಕ್ಕಿ ತೆರೆದೆ.

ಅಕ್ಕ ನಿದ್ದೆ ಹೋಗಿದ್ದರು. ಕೆನ್ನೆಯ ಕೆಳಗೆ ಅಂಗೈ, ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ನಿಧಾನವಾಗಿ ಬಂದು ಹೋಗುತ್ತಿತ್ತು. ಟಾರ್ಚು ಬೆರಳುಗಳಿಂದ ಜಾರಿ ಪಕ್ಕದಲ್ಲಿ ಉರಿಯುತ್ತಿತ್ತು. ಬಲ ದೀಪದ ಹಿಂದಿನಿಂದ ಹನಿಯೊಂದು ಕೂಡಿಕೊಂಡು ಅವರ ತೋಳಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕುಪ್ಪಸದ ತೋಳು ಒದ್ದೆಯಾಗಿತ್ತು. ಅದಕ್ಕೂ ಅವರಿಗೆ ಎಚ್ಚರವಾಗಿರಲಿಲ್ಲ.

ಕರೆಯಲು ಬಾಯಿ ತೆರೆದವನು ಸುಮ್ಮನಾದೆ. ಹೊರಗಿನಿಂದ ದೀಪದ ಸುತ್ತ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದೆ, ಹನಿ ನಿಲ್ಲುವ ತನಕ. ಮುಚ್ಚಳಕ್ಕೆ ಒಂದು ಕೋಲು ಆನಿಸಿ, ಬಿಸಿಲು ಮುಖಕ್ಕೆ ಬೀಳದಂತೆ ಒಂದು ತಾಡಪತ್ರಿಯ ತುಂಡು ಇಳಿಬಿಟ್ಟೆ.

"ಏ, ಎಲ್ಲದೀ?" ಎಂದು ಒಳಗಿನಿಂದ ಕೂಗು ಬಂತು.

ನಾನೇ ಹೋದೆ. ಆತ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಕತ್ತು ಎತ್ತಿ ನೋಡಿದ. ಏನು ಬೇಕು ಎಂದು ಕೇಳಿದೆ. ನೀರು ಎಂದ. ಲೋಟಕ್ಕೆ ಬಗ್ಗಿಸಿ, ಕತ್ತಿನ ಕೆಳಗೆ ಕೈಕೊಟ್ಟು ಕುಡಿಸಿದೆ.

"ಅಕಿ ಎಲ್ಲಿ?"

"ಮಲಗ್ಯಾರ್ರಿ."

"ಎಲ್ಲಿ?"

"ಡಿಕ್ಕ್ಯಾಗ. ನೀರು ನೋಡಾಕ ಹೋದವರು ಹಂಗ ನಿದ್ದಿ ಹತ್ಯಾರ."

ಆತ ಮೇಲಿನ ತಗಡನ್ನು ನೋಡುತ್ತ ಮಲಗಿದ. ಅಷ್ಟರಲ್ಲಿ ಹೊರಗೆ ಲಾರಿಯೊಂದು ನಿಂತು, ಡ್ರೈವರ್ "ಅಕ್ಕಾ" ಎಂದು ಕೂಗುತ್ತ ಇಳಿದ. ನಾನು ಬಾಗಿಲಿಗೆ ಹೋಗಿ ಕೈಸನ್ನೆಯಿಂದ ತಡೆದೆ. ಮಂಚದ ಮೇಲಿನಿಂದ ತಗ್ಗಿದ ದನಿ ಬಂತು, "ನಾಕಕ್ಕ ಬಾ ಅನ್ರಿ ಅವಂಗ." ಡ್ರೈವರ್ ಹೋದ.

ನಾನು ಮತ್ತೆ ಒಳಗೆ ಬಂದಾಗ ಆತ ಮಂಚದ ಪಕ್ಕದ ಫ್ಯಾನನ್ನು ಕಣ್ಣಿನಿಂದ ತೋರಿಸಿದ.

"ಅದನ್ನ ಅಕಿ ಕಡೆ ಇಡ್ರಿ" ಎಂದ.

"ನಿಮಗ ಸೆಕಿ ಆಗ್ತತಿ."

"ಇಡ್ರಿ."

ಫ್ಯಾನು ಎತ್ತಿಕೊಂಡು ಹೋದೆ. ವೈರು ಹೊಸ್ತಿಲ ತನಕ ಮಾತ್ರ ಬಂತು. ಅಲ್ಲೇ ಇಟ್ಟು ಮುಖವನ್ನು ಗಾಡಿಯ ಕಡೆಗೆ ತಿರುಗಿಸಿ, ಗಾಳಿ ಅಲ್ಲಿಯವರೆಗೆ ಹೋಗುತ್ತದೋ ಇಲ್ಲವೋ ನೋಡಲು ಡಿಕ್ಕಿಯ ಹತ್ತಿರ ಬಗ್ಗಿದೆ. ಅಕ್ಕನ ಹಣೆಯ ಮೇಲಿನ ಬಿಳಿಗೂದಲು ಒಂದೆರಡು ಅಲುಗುತ್ತಿದ್ದವು.

"ಮುಟ್ತತೇನು?" ಎಂದು ಆತ ಒಳಗಿನಿಂದ ಪಿಸುದನಿಯಲ್ಲಿ ಕೇಳಿದ.

"ಮುಟ್ತತ್ರಿ" ಎಂದೆ.